ಅಮಾವಾಸ್ಯೆಗೆ ಅಪ್ಪ ಸುಡುತ್ತಿದ್ದ ಕಪ್ಪು ರೊಟ್ಟಿ

ನಾನು ಚಿಕ್ಕವಳಿದ್ದಾಗ, ಲಂಗ ಎತ್ತಿ ಕಟ್ಟಿಕೊಂಡು ರಾಗಿ ಹೊಲದ ಬದುಗಳ ಮೇಲೆ ಓಡುತ್ತಿದ್ದ ಕಾಲದಲ್ಲಿ, ಸುಗಟೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಮಣ್ಣಿನ ಗೂಡು ಇತ್ತು. ದೂರದಿಂದ ನೋಡಿದವರು ಅದನ್ನು ಹುತ್ತ ಅಂದುಕೊಳ್ಳುತ್ತಿದ್ದರು. ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ನಾಗರಪಂಚಮಿಯ ದಿನ ಅದಕ್ಕೆ ಹಾಲೆರೆದು, ಅರಿಶಿನ ಕುಂಕುಮ ಇಟ್ಟು, ಕೈಮುಗಿದು ಹೋಗಿದ್ದಳಂತೆ. ಅಮ್ಮ ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ಅದು ಅಪ್ಪ ಕಟ್ಟಿದ ಒಲೆ. ಕೆಂಪು ಮಣ್ಣು, ಸಗಣಿ, ರಾಗಿ ಹುಲ್ಲು ಕಲಸಿ ತುಳಿದು, ಒಡೆದ ಇಟ್ಟಿಗೆಗಳನ್ನು ಗುಂಡಗೆ ಜೋಡಿಸಿ, ಮೇಲೆ ದಪ್ಪಗೆ ಮೆತ್ತಿ ಮಾಡಿದ್ದು. ಮುಂದೆ ಒಂದು ಬಾಯಿ. ಆ ಬಾಯಿಗೆ ಮುಚ್ಚಲು ಒಂದು ಚಪ್ಪಡಿ ಕಲ್ಲು. ಅಡುಗೆಮನೆಯಲ್ಲಿ ಅಮ್ಮನ ಒಲೆ ದಿನವೂ ಉರಿಯುತ್ತಿತ್ತು. ಅಪ್ಪನ ಈ ಒಲೆ ಉರಿಯುತ್ತಿದ್ದುದು ವರ್ಷಕ್ಕೆ ಒಂದೇ ಸಲ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ.

ನಾನು ಹುಟ್ಟುವ ಮೊದಲು ಅಪ್ಪ ದೊಡ್ಡ ಯುದ್ಧಕ್ಕೆ ಹೋಗಿದ್ದ. ಸೇತುವೆ ಕಟ್ಟುವ, ರಸ್ತೆ ಹಾಕುವ ಪಡೆ ಅವನದು. ಮರಳುಗಾಡಿನಲ್ಲಿ ಅವರ ಗುಂಪು ಶತ್ರುಗಳ ಕೈಗೆ ಸಿಕ್ಕಿಬಿದ್ದಿತು. ಅವರನ್ನು ಸಮುದ್ರ ದಾಟಿಸಿ, ರೈಲಿನಲ್ಲಿ ತುಂಬಿ, ಹಿಮ ಬೀಳುವ ಜರ್ಮನಿ ದೇಶಕ್ಕೆ ಒಯ್ದರು. ಅಲ್ಲಿ ಅಪ್ಪ ಯುದ್ಧ ಮುಗಿಯುವವರೆಗೂ ಸೆರೆಯಲ್ಲಿದ್ದ. ಈ ವಿಷಯದಲ್ಲಿ ನನಗೆ ಗೊತ್ತಿದ್ದುದು ಇಷ್ಟೇ. ಅಪ್ಪ ಯುದ್ಧದ ಮಾತು ಆಡುತ್ತಿರಲಿಲ್ಲ. ಆಡುತ್ತಿದ್ದರೆ ರೊಟ್ಟಿಯ ಮಾತು.

ಸೆರೆಯವರನ್ನು ಆ ದೇಶದ ರೈತರ ಹೊಲಗಳಿಗೆ ಕೆಲಸಕ್ಕೆ ಕಳಿಸುತ್ತಿದ್ದರಂತೆ. ಅಲ್ಲಿ ರೈ ಅಂತ ಒಂದು ಧಾನ್ಯ. 'ನಮ್ಮ ರಾಗಿ ಇದ್ದಂಗೆ ಕಣೇ ಅದು' ಎನ್ನುತ್ತಿದ್ದ ಅಪ್ಪ. ಒಳ್ಳೆಯ ನೆಲ ಬೇಕಿಲ್ಲ, ಗೋಧಿ ಬೆಳೆಯದ ಬಡಕಲು ಭೂಮಿಯಲ್ಲೂ, ಕೊರೆಯುವ ಚಳಿಯಲ್ಲೂ ಬರುತ್ತದೆ. ಶ್ರೀಮಂತರಿಗೆ ಬಿಳಿ ರೊಟ್ಟಿ, ದುಡಿಯುವವರಿಗೆ ರೈ ಹಿಟ್ಟಿನ ಕಪ್ಪು ರೊಟ್ಟಿ. ಹೋದ ಸಲದ ಹಿಟ್ಟಿನಲ್ಲಿ ಒಂದು ಮುಷ್ಟಿ ಹುಳಿಯಾಗಿ ಉಳಿಸಿಕೊಂಡು, ಅದನ್ನೇ ಹೊಸ ಹಿಟ್ಟಿಗೆ ಬೆರೆಸಿ ಹುದುಗಿಸುತ್ತಾರೆ, ನಾವು ದೋಸೆ ಹಿಟ್ಟು ಉಳಿಸಿಕೊಳ್ಳುವ ಹಾಗೆ. ಊರಿಗೆಲ್ಲ ಒಂದೇ ದೊಡ್ಡ ಒಲೆ. ಸರದಿಯ ಪ್ರಕಾರ ಹೆಂಗಸರು ಹಿಟ್ಟು ಹೊತ್ತು ತಂದು ಬೇಯಿಸಿಕೊಂಡು ಹೋಗುತ್ತಾರೆ. ದಿಂಡಿನಂಥ ರೊಟ್ಟಿ, ವಾರಗಟ್ಟಲೆ ಕೆಡುವುದಿಲ್ಲ. ಕೊಯ್ಯುವ ಮುಂಚೆ ಮನೆಯ ಯಜಮಾನಿ ರೊಟ್ಟಿಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ, ಮಗುವನ್ನು ಎತ್ತಿಕೊಂಡ ಹಾಗೆ. ಹೀಗೆ ಹೇಳುವಾಗ ಅಪ್ಪ ತನ್ನ ಎದೆಯ ಮೇಲೆ ಕೈ ಮಡಚಿ ತೋರಿಸುತ್ತಿದ್ದ.

ನಮ್ಮ ಕಡೆ ರೈ ಎಲ್ಲಿ ಸಿಗಬೇಕು? ಅಪ್ಪ ರಾಗಿ ಹಿಟ್ಟಿಗೆ ರೇಷನ್ ಗೋಧಿಯ ಹಿಟ್ಟು ಬೆರೆಸುತ್ತಿದ್ದ. ಕುಡಿಕೆಯಲ್ಲಿ ರಾಗಿ ಅಂಬಲಿ ಹುಳಿ ಬರಲು ಇಟ್ಟು, ಅದರಿಂದ ಹಿಟ್ಟು ಕಲಸುತ್ತಿದ್ದ. ಬೆಂದ ಮೇಲೆ ಅದು ಇಟ್ಟಿಗೆಯಷ್ಟು ಗಟ್ಟಿ, ಹುಣಸೆಹಣ್ಣಿನಷ್ಟು ಕಪ್ಪು. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಹುಳಿ ಕಿವಿಯ ಹಿಂದೆ ಜುಮ್ಮೆನ್ನುತ್ತಿತ್ತು. 'ಒಳ್ಳೆ ಮುದ್ದೆ ಬಿಟ್ಟು ಈ ಕಲ್ಲು ಬೇಯಿಸೋ ಹುಚ್ಚು ಯಾಕೆ ನಿಮಗೆ?' ಎಂದು ಅಮ್ಮ ಪ್ರತಿ ವರ್ಷವೂ ಕೇಳುತ್ತಿದ್ದಳು. ಅಪ್ಪ ಪ್ರತಿ ವರ್ಷವೂ ಇನ್ನೊಂದು ಕಡ್ಡಿ ಒಲೆಗೆ ತುರುಕುತ್ತಿದ್ದ.

ಮಹಾಲಯಕ್ಕೆ ನಮ್ಮ ಮನೆಗಳಲ್ಲಿ ಎಡೆ ಇಡುವುದು ನಿಮಗೂ ಗೊತ್ತಲ್ಲ ಮಕ್ಕಳಾ. ತೀರಿಕೊಂಡ ಹಿರಿಯರಿಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ನಮ್ಮ ಮನೆಯಲ್ಲಿ ತಾತನ ಎಲೆಗೆ ಕಜ್ಜಾಯ, ವಡೆ, ಪಾಯಸ, ಕೋಳಿ ಸಾರು ಎಲ್ಲ ಬೀಳುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪ ಇನ್ನೊಂದು ಚಿಕ್ಕ ಎಲೆ ಹಾಕುತ್ತಿದ್ದ. ಅದರ ಮೇಲೆ ಆ ಕಪ್ಪು ರೊಟ್ಟಿಯ ಒಂದು ಹೋಳು ಮಾತ್ರ. ಯಾರಿಗಪ್ಪಾ ಅಂತ ನಾನು ಕೇಳಿದರೆ, 'ನಿನಗೆ ಗೊತ್ತಿಲ್ಲದೋರು ಬಿಡು' ಅನ್ನುತ್ತಿದ್ದ.

ಆ ವರ್ಷ ನನಗೆ ಎಂಟೋ ಒಂಬತ್ತೋ ಇರಬೇಕು. ಅಮಾವಾಸ್ಯೆಯ ಹಿಂದಿನ ದಿನ. ರಾಗಿ ತೆನೆ ಹಾಲು ತುಂಬಿ ನಿಂತಿತ್ತು. ಬೆಳಿಗ್ಗೆಯೇ ಅಪ್ಪ ಒಲೆಯೊಳಗೆ ಒಣಗಿದ ಹಿಪ್ಪುನೇರಳೆ ಕಡ್ಡಿ ತುಂಬಿ ಬೆಂಕಿ ಹಾಕಿದ್ದ. ಆ ಕಡ್ಡಿ ಚಟಚಟನೆ ಉರಿಯುತ್ತದೆ, ಹೊಗೆಗೆ ಸ್ವಲ್ಪ ಸಿಹಿ ವಾಸನೆ. ಒಳಗಿನ ಮಣ್ಣು ಮೊದಲು ಮಸಿಯಾಗಿ, ಆಮೇಲೆ ಮಸಿಯೆಲ್ಲ ಸುಟ್ಟು ಬೆಳ್ಳಗಾಗುವವರೆಗೂ ಉರಿಸಬೇಕು. ನನ್ನ ಕೆಲಸ ಹೊಂಗೆ ಸೊಪ್ಪು ಕಿತ್ತು ನೀರಲ್ಲಿ ಅದ್ದಿ ಕೊಡುವುದು. ಅಪ್ಪ ಅದನ್ನು ಬಿದಿರ ಗಳುವಿನ ತುದಿಗೆ ಕಟ್ಟಿ, ಬೂದಿ ಕೆಂಡವನ್ನೆಲ್ಲ ಹೊರಗೆ ಗುಡಿಸುವಾಗ ಚುಸ್ ಎಂದು ಹಬೆ ಏಳುತ್ತಿತ್ತು.

ಸೊಪ್ಪು ತಂದು ಜಗಲಿಯ ಮೇಲೆ ಇಡುತ್ತಿದ್ದೆ. ಆಗ ಬೀದಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಎತ್ತರದ ಹೆಂಗಸು, ಹಣೆ ಬರಿದು, ಕಾಲಿಗೆ ಮೊಣಕಾಲವರೆಗೂ ಧೂಳು. ಕೈಯಲ್ಲಿ ಒಂದು ಬಟ್ಟೆ ಗಂಟು. 'ಏನಮ್ಮಾ ಪಾಪ, ದಂಡಿಗೆ ಹೋಗಿ ಬಂದ ಸಿಪಾಯಿ ಮನೆ ಇದೇನಾ?' ಎಂದಳು. ಅವಳ ಕನ್ನಡದಲ್ಲಿ ತೆಲುಗಿನ ರಾಗ ಇತ್ತು. ಮುಳಬಾಗಿಲಿನ ಕಡೆಯವರು ಹಾಗೆ ಮಾತಾಡುತ್ತಾರೆ.

ಅಮ್ಮ ಹೊರಗೆ ಬಂದಳು. 'ಬನ್ನಿ ಅವ್ವ, ಬಿಸಿಲಲ್ಲಿ ಬಂದಿದ್ದೀರ, ಕಾಲು ತೊಳ್ಕೊಳ್ಳಿ' ಎಂದು ತಂಬಿಗೆ ಕೊಟ್ಟಳು. ಆಗಿನಿಂದ ಆಕೆ ನಮಗೂ ಅವ್ವ ಆದಳು. ಅವಳ ಊರು ಕುರುಡುಮಲೆಯಿಂದಾಚೆ, ಆಂಧ್ರದ ಗಡಿಯ ಹತ್ತಿರ. ಮುಳಬಾಗಿಲಿಗೆ ನಡೆದು, ಕೋಲಾರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಮ್ಮೂರ ಕಡೆಯ ಎತ್ತಿನ ಗಾಡಿ ಹತ್ತಿ ಬಂದಿದ್ದಳು.

ಅಪ್ಪ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಹಿತ್ತಿಲಿನಿಂದ ಬಂದ. ಅವ್ವ ಎದ್ದು ನಿಂತಳು.

'ನಿನ್ನ ಜೊತೆ ದಂಡಿನಲ್ಲಿದ್ನಲ್ಲ ನಾಯನಾ, ಎಡಗಿವಿ ಸೀಳಿತ್ತಲ್ಲ, ಅವನ ಅಮ್ಮ ನಾನು.'

ಅಪ್ಪನ ಕೈ ಅಲ್ಲೇ ನಿಂತಿತು. ಹಿಟ್ಟಿನ ಚೂರುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಅವ್ವನೇ ಹೇಳಿದಳು. ಅವಳ ಮಗ ಕಾಣೆಯಾಗಿದ್ದಾನೆ ಎಂದು ಮೊದಲು ಸರ್ಕಾರದಿಂದ ಕಾಗದ ಬಂದಿತ್ತಂತೆ. ಆಮೇಲೆ ತೀರಿಕೊಂಡ ಎಂದು ಇನ್ನೊಂದು ಬಂದಿತ್ತು. ಓದಿ ಹೇಳಿದವರು ಅದರಲ್ಲಿ ತಂದೆಯ ಹೆಸರು ಬೇರೆ ಇದೆ ಎಂದರು. ಊರ ಹೆಸರೂ ತಪ್ಪಿತ್ತು. ಅದು ಇನ್ಯಾರದೋ ಮಗನ ಕಾಗದ, ನನ್ನ ಮಗನದಲ್ಲ ಎಂದು ಅವ್ವ ಹಟ ಹಿಡಿದಳು. ಯುದ್ಧ ಮುಗಿಯಿತು, ಸಿಪಾಯಿಗಳು ಒಬ್ಬೊಬ್ಬರಾಗಿ ಮನೆಗೆ ಬಂದರು, ಅವಳು ಕಾಯುತ್ತಲೇ ಇದ್ದಳು. ಮೊನ್ನೆ ಮುಳಬಾಗಿಲು ಸಂತೆಯಲ್ಲಿ ಸಿಕ್ಕ ಹಳೆಯ ಸಿಪಾಯಿಯೊಬ್ಬ, ಸುಗಟೂರಿನವರೊಬ್ಬರು ಕೊನೆಯವರೆಗೂ ನಿನ್ನ ಮಗನ ಜೊತೆಗಿದ್ದರು ಎಂದು ಹೇಳಿದನಂತೆ.

'ಈ ಸಲ ಎಡೆಗೆ ಅವನಿಗೂ ಒಂದು ಎಲೆ ಹಾಕು ಅಂತಾವ್ರೆ ಮನೇವ್ರೆಲ್ಲ' ಎಂದಳು ಅವ್ವ. 'ಹಾಕ್ಲಾ, ಬೇಡ್ವಾ? ಬದುಕಿರೋನಿಗೆ ಎಲೆ ಹಾಕ್ಬಿಟ್ರೆ ನಾನೇ ಕೈಯಾರೆ ಕೊಂದಂಗಾಗಲ್ವಾ? ಇಲ್ದೇ ಇರೋನಿಗೆ ಹಾಕ್ದಿದ್ರೆ, ಅವನು ಹಸ್ಕೊಂಡು ತಿರುಗ್ತಿರ್ತಾನಲ್ಲ ನಾಯನಾ. ನೀನು ಕಣ್ಣಲ್ಲಿ ನೋಡಿರೋನು. ನೀನು ಹೇಳು.'

'ಮೊದಲು ಊಟ ಮಾಡವ್ವ. ಒಲೆ ಕಾದಿದೆ. ಹಿಟ್ಟು ಹಾಕಿ ಬರ್ತೀನಿ' ಎಂದು ಅಪ್ಪ ಹಿಂದಿರುಗಿ ನೋಡದೆ ಹಿತ್ತಿಲಿಗೆ ಹೋದ. ಅಮ್ಮ ಮುದ್ದೆ ತೊಳಸಲು ಒಳಗೆ ಹೋದಳು.

ಜಗಲಿಯ ಮೇಲೆ ನಾನೂ ಅವ್ವನೂ ಉಳಿದೆವು. ಅವಳ ಮೈಯಿಂದ ಹೊಗೆಸೊಪ್ಪಿನ, ಬಿಸಿಲಿನ ವಾಸನೆ ಬರುತ್ತಿತ್ತು. ನನ್ನ ಜಡೆ ಬಿಚ್ಚಿಹೋಗಿದ್ದನ್ನು ನೋಡಿ ಹತ್ತಿರ ಕೂರಿಸಿಕೊಂಡು ಹೆಣೆಯತೊಡಗಿದಳು. ಕೈ ಒರಟು, ಆದರೆ ಕೂದಲು ಒಂದೂ ಜಗ್ಗಲಿಲ್ಲ. 'ನಿಮ್ಮಪ್ಪ ಹಿತ್ತಿಲಲ್ಲಿ ಏನು ಸುಡ್ತಾವ್ನೆ?' ಎಂದಳು.

ನನಗೆ ಮಾತಾಡಲು ಸಿಕ್ಕಿದ್ದೇ ಖುಷಿ. ಅಪ್ಪ ವರ್ಷಕ್ಕೊಮ್ಮೆ ಕಪ್ಪು ರೊಟ್ಟಿ ಸುಡುತ್ತಾನೆ, ಅದು ಕಲ್ಲಿನ ಹಾಗಿರುತ್ತದೆ, ಯಾರೂ ತಿನ್ನುವುದಿಲ್ಲ ಎಂದೆಲ್ಲ ಹೇಳಿದೆ. 'ನಾಳೆ ಎಡೆಗೆ ಬೇಕಲ್ಲ ಅವ್ವ, ಅದಕ್ಕೇ. ತಾತನ ಎಲೆ ಪಕ್ಕದಲ್ಲಿ ಅಪ್ಪ ಇನ್ನೊಂದು ಎಲೆ ಹಾಕ್ತಾನೆ. ಅದಕ್ಕೆ ಈ ರೊಟ್ಟಿ ಮಾತ್ರ ಬಡಿಸ್ತಾನೆ. ಯಾರಿಗೆ ಅಂತ ಕೇಳಿದ್ರೆ ಹೇಳಲ್ಲ.'

ಹೆಣೆಯುತ್ತಿದ್ದ ಬೆರಳು ನಿಂತವು. ತಿರುಗಿ ನೋಡಿದೆ. ಅವಳು ಬೀದಿಯ ಕಡೆ ನೋಡುತ್ತಿದ್ದಳು, ಬೀದಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಜಡೆಯನ್ನು ಕೊನೆಯವರೆಗೂ ಹೆಣೆದು, ಗಂಟು ಹಾಕಿ, ನನ್ನ ಭುಜ ಹಿಡಿದು ಎದ್ದಳು. ನಿಧಾನವಾಗಿ ಹಿತ್ತಿಲಿಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಅಪ್ಪ ಒಲೆಯ ಬಾಯಿಗೆ ಚಪ್ಪಡಿ ಇಟ್ಟು, ಸಂದಿಗೆ ಹಸಿಮಣ್ಣು ಮೆತ್ತುತ್ತಿದ್ದ.

'ಆ ಎಲೆ ಯಾರಿಗೆ ಹಾಕ್ತೀಯ ನಾಯನಾ?' ಎಂದಳು ಅವ್ವ.

ಅಪ್ಪ ತಿರುಗಲಿಲ್ಲ. ಮೆಲ್ಲಗೆ ಕುಸಿದು ನೆಲದ ಮೇಲೆ ಕೂತುಬಿಟ್ಟ. ನನ್ನ ಅಪ್ಪ ಅಳುವುದನ್ನು ನಾನು ನೋಡಿದ್ದು ಅವತ್ತೇ. ಸದ್ದೇ ಇರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು.

'ಒಂದ್ಸಲ ಮುಳಬಾಗಿಲವರೆಗೂ ಬಂದಿದ್ದೆ ಅವ್ವ' ಎಂದ. 'ಬಸ್ ಇಳಿದು ಮರದ ಕೆಳಗೆ ಕೂತೆ. ನಿನ್ನ ಮುಂದೆ ನಿಂತು ಹೇಗೆ ಹೇಳ್ಲಿ ಅಂತ ತೋಚಲಿಲ್ಲ. ವಾಪಸ್ ಬಂದ್ಬಿಟ್ಟೆ.'

ಅವ್ವ ಅವನ ಎದುರಿಗೆ ನೆಲದ ಮೇಲೆ ಕೂತಳು. ಅಮ್ಮ ಮುದ್ದೆಯ ಕೋಲು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತಳು. ರೊಟ್ಟಿ ಬೇಯುವವರೆಗೂ ಅಪ್ಪ ಹೇಳಿದ, ನಮಗೆ ಯಾರಿಗೂ ಎಂದೂ ಹೇಳದ್ದನ್ನು.

ಅವರಿಬ್ಬರೂ ಒಂದೇ ಕೊಟ್ಟಿಗೆಯಲ್ಲಿ ಮಲಗುತ್ತಿದ್ದರಂತೆ, ಒಂದೇ ಕಂಬಳಿಯೊಳಗೆ. ಎರಡನೆಯ ಚಳಿಗಾಲದಲ್ಲಿ ಅವ್ವನ ಮಗನಿಗೆ ಕೆಮ್ಮು ಹತ್ತಿತು, ಆಮೇಲೆ ಜ್ವರ. ಜ್ವರದಲ್ಲಿ ಏನು ಕೊಟ್ಟರೂ ಒಲ್ಲೆ ಎನ್ನುತ್ತಿದ್ದ. ಮುದ್ದೆ ಬೇಕು, ಮುದ್ದೆ ಕೊಡು ಎಂದು ಮಕ್ಕಳ ಹಾಗೆ ಹಟ. ಅಪ್ಪ ಕೆಲಸ ಮಾಡುತ್ತಿದ್ದ ಮನೆಯ ಯಜಮಾನಿ ಅವತ್ತು ತಾನೇ ಬೇಯಿಸಿದ ಕಪ್ಪು ರೊಟ್ಟಿಯ ಒಂದು ತುಂಡನ್ನು ಅಪ್ಪನ ಕೋಟಿನೊಳಗೆ ತುರುಕಿದ್ದಳು. ಅವಳ ಮಗನೂ ಎಲ್ಲೋ ದೂರದಲ್ಲಿ ಯುದ್ಧದಲ್ಲಿದ್ದ. ಅಪ್ಪ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ, ರೊಟ್ಟಿಯ ಸಿಪ್ಪೆ ತೆಗೆದು, ಒಳಗಿನ ತಿರುಳನ್ನು ಬಿಸಿನೀರಲ್ಲಿ ನೆನೆಸಿ, ಹಿಸುಕಿ ಹಿಸುಕಿ ನಾದಿ, ಗುಂಡಗೆ ಉಂಡೆ ಕಟ್ಟಿದ. 'ತಗೋಳೋ, ಮುದ್ದೆ' ಎಂದು ಬಾಯಿಗಿಟ್ಟ.

'ತಿಂದ್ನಾ?' ಎಂದಳು ಅವ್ವ.

'ತಿಂದ ಅವ್ವ. ಅಗಿಯಲಿಲ್ಲ, ಹಂಗೇ ನುಂಗಿದ. ಕಣ್ಣು ಮುಚ್ಚಿಕೊಂಡೇ ಇದ್ದ. ಆಮೇಲೆ ಸ್ವಲ್ಪ ನಕ್ಕು, ಉಪ್ಪು ಹಾಕಿದ್ದೀಯ ಕಣೋ, ನಮ್ಮಮ್ಮ ಮುದ್ದೆಗೆ ಉಪ್ಪು ಹಾಕಲ್ಲ, ಅಂದ.'

ಅವ್ವ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಕಾಗದದಲ್ಲಿ ಹೆಸರು ತಪ್ಪಿತ್ತು, ಊರು ತಪ್ಪಿತ್ತು. ಈ ಉಪ್ಪಿನ ಮಾತಿನಲ್ಲಿ ತಪ್ಪೇ ಇರಲಿಲ್ಲ.

'ನಮ್ಮೂರಲ್ಲಿ ಎಲ್ಲ ಮನೇಲೂ ಚಿಟಿಕೆ ಉಪ್ಪು ಹಾಕ್ತಾರೆ' ಎಂದಳು ಅಮ್ಮನ ಕಡೆ ನೋಡಿ, ಸಾಕ್ಷಿ ಹೇಳುವವಳ ಹಾಗೆ. 'ನಾನೊಬ್ಳೇ ಹಾಕಲ್ಲ. ಅವನಿಗೆ ಎಳವೇಲಿಂದ ಸೇರ್ತಿರ್ಲಿಲ್ಲ. ಅವನೇ. ನನ್ನ ಮಗನೇ, ನನ್ನ ಬಿಡ್ಡನೇ.'

ಬೆಳಗಾಗುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ನೆಲ ಹೆಪ್ಪುಗಟ್ಟಿತ್ತು, ಗುದ್ದಲಿ ಇಳಿಯಲಿಲ್ಲ. ಬೆಂಕಿ ಹಾಕಿ ನೆಲ ಕಾಯಿಸಿ ಅಗೆದರಂತೆ. ಕೊಯ್ಲಾದ ರೈ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಮಣ್ಣು ಮುಚ್ಚುವ ಮೊದಲು ಆ ಮನೆಯ ಯಜಮಾನಿ ಬಂದು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಅವನ ಮುಖದ ಮೇಲೆ ಹೊದಿಸಿ ಹೋದಳು.

'ಒಳ್ಳೆ ಹೆಂಗಸು' ಎಂದಳು ಅವ್ವ. 'ಅವಳ ಮಗ ಬಂದ್ನಾ?'

ಅಪ್ಪ ತಲೆಯಾಡಿಸಿದ. ಗೊತ್ತಿಲ್ಲ ಎಂದೋ, ಇಲ್ಲ ಎಂದೋ, ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಚಪ್ಪಡಿಯ ಸಂದಿಯಿಂದ ವಾಸನೆ ಬರತೊಡಗಿತು. ಸುಟ್ಟ ರಾಗಿಯ ಘಮ, ಅದರೊಳಗೆ ಹುಳಿ, ಹೊಗೆ. ಅಪ್ಪ ಎದ್ದು ಮಣ್ಣು ಒಡೆದು, ಕಲ್ಲು ಸರಿಸಿ, ಹಲಗೆ ತೂರಿಸಿ ರೊಟ್ಟಿ ಎಳೆದ. ಹೊರಗೆ ಬಂದ ರೊಟ್ಟಿ ಗಾಳಿ ತಾಗಿ ಚಿಟಿಚಿಟಿ ಎಂದಿತು. ಒಂದನ್ನು ಬಟ್ಟೆಯಲ್ಲಿ ಹಿಡಿದು ಅವ್ವನ ಮುಂದಿಟ್ಟ.

'ಅವತ್ತು ಅವನಿಗೆ ಹೆಂಗೆ ಕೊಟ್ಯೋ ಹಂಗೇ ಮಾಡಿಕೊಡು' ಎಂದಳು ಅವ್ವ.

ಅಪ್ಪ ರೊಟ್ಟಿ ಮುರಿದು, ತಿರುಳು ತೆಗೆದು, ಅಮ್ಮ ತಂದ ಬಿಸಿನೀರಲ್ಲಿ ನೆನೆಸಿದ. ಅವನ ದೊಡ್ಡ ಕೈಗಳು ಅದನ್ನು ಹಿಸುಕಿ, ನಾದಿ, ಉಂಡೆ ಮಾಡಿದವು. ಅವ್ವ ಅಂಗೈ ಚಾಚಿ ಇಸಿದುಕೊಂಡಳು. ಒಂದು ತುತ್ತು ಮುರಿದು, ಮುದ್ದೆ ನುಂಗುವ ಹಾಗೆ ಅಗಿಯದೆ ನುಂಗಿದಳು. ಇನ್ನೊಂದು ತುತ್ತು. ಉಂಡೆ ಪೂರ್ತಿ ಮುಗಿಸಿದಳು. ಕಾಗೆಗಳು ತೊಗರಿ ಗಿಡದ ಮೇಲೆ ಕೂತು ಕೂಗುತ್ತಿದ್ದವು.

ಆಮೇಲೆ ಅವ್ವ ಅತ್ತಳು. ಮಗನನ್ನು ಕರೆದು ಕರೆದು, ತೆಲುಗಿನಲ್ಲಿ ಕನ್ನಡದಲ್ಲಿ, ಎದೆ ಬಡಿದುಕೊಂಡು ಅತ್ತಳು. ಅಕ್ಕಪಕ್ಕದವರೆಲ್ಲ ಬೇಲಿಯ ಹತ್ತಿರ ಬಂದು ನಿಂತರು. ಅಮ್ಮ ಅವಳ ತಲೆಯನ್ನು ತನ್ನ ಮಡಿಲಿಗೆ ಒರಗಿಸಿಕೊಂಡಳು. ಅಳು ನಿಂತ ಮೇಲೆ ಅವ್ವ ಮೆಲ್ಲಗೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. 'ಇಷ್ಟು ವರ್ಷ ಅಳೋಕೂ ಹೆದರ್ತಿದ್ದೆ ತಾಯಿ. ಬದುಕಿರೋನಿಗೆ ಅತ್ರೆ ಅವನಿಗೆ ಕೆಟ್ಟದಾಗುತ್ತೆ ಅಂತ.'

ಅವಳು ಆ ದಿನವೇ ಹೊರಟಳು. ಮರುದಿನ ಅವಳ ಮನೆಯಲ್ಲಿ ಎಡೆಯಾಗಬೇಕಿತ್ತು. ಅಪ್ಪ ಎರಡು ರೊಟ್ಟಿಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಅವಳ ಜೊತೆಗೇ ಗಾಡಿ ಹತ್ತಿದ. ನಮ್ಮ ಮನೆಯಲ್ಲಿ ಆ ವರ್ಷ ತಾತನ ಎಡೆ ಇಟ್ಟವಳು ಅಮ್ಮ. ಅಮ್ಮನೇ ಪಕ್ಕದಲ್ಲಿ ಚಿಕ್ಕ ಎಲೆ ಹಾಕಿ, ಉಳಿದಿದ್ದ ರೊಟ್ಟಿಯ ಹೋಳು ಇಟ್ಟು, ಅದರ ಪಕ್ಕ ಬಿಸಿ ಮುದ್ದೆಯೊಂದನ್ನು ಬಡಿಸಿದಳು. ಉಪ್ಪು ಹಾಕಿರಲಿಲ್ಲ. ಹುಚ್ಚು ಎನ್ನುವ ಮಾತು ಮತ್ತೆಂದೂ ಅವಳ ಬಾಯಿಂದ ಬರಲಿಲ್ಲ.

ಅವ್ವ ಬದುಕಿರುವವರೆಗೂ ಅಪ್ಪ ಪ್ರತಿ ಮಹಾಲಯಕ್ಕೂ ರೊಟ್ಟಿ ಹೊತ್ತು ಅವಳ ಊರಿಗೆ ಹೋಗುತ್ತಿದ್ದ. ನನ್ನ ಮದುವೆಗೆ ಅವ್ವ ಬಂದಿದ್ದಳು, ಅವತ್ತೂ ನನ್ನ ಜಡೆ ಅವಳೇ ಹೆಣೆದಳು. ಅವಳು ತೀರಿಕೊಂಡಾಗ ಮಗನ ಸ್ಥಾನದಲ್ಲಿ ನಿಂತು ಕೆಲಸ ಮಾಡಿದವನು ಅಪ್ಪ. ಆಮೇಲೆ ಅಪ್ಪನೂ ಹೋದ. ಉರಿಸುವವರಿಲ್ಲದ ಒಲೆ ಎರಡು ಮಳೆಗಾಲದಲ್ಲಿ ಕರಗಿ ಗುಡ್ಡೆಯಾಯಿತು. ಈಗ ಅಲ್ಲಿ ಬೋರ್‌ವೆಲ್ ಮೋಟರಿನ ಶೆಡ್ಡು ಇದೆ. ನಾನು ಒಮ್ಮೆ ಕುಕ್ಕರಿನಲ್ಲಿ, ಇನ್ನೊಮ್ಮೆ ನಿಮ್ಮಮ್ಮನ ಓವನ್ನಿನಲ್ಲಿ ಆ ರೊಟ್ಟಿ ಮಾಡಿ ನೋಡಿದೆ. ಹುಳಿ ಬಂತು, ಬಣ್ಣವೂ ಬಂತು. ಆ ವಾಸನೆ ಬರಲಿಲ್ಲ.

ಹೋದ ತಿಂಗಳು ನೀವು ಮೊಮ್ಮಕ್ಕಳು ಬೆಂಗಳೂರಿನಿಂದ ರೈ ಬ್ರೆಡ್ಡಿನ ಪ್ಯಾಕೆಟ್ ತಂದಿರಿ. ಹೋಳು ಮಾಡಿಯೇ ಇತ್ತು, ಮೆತ್ತಗಿತ್ತು, ಆರೋಗ್ಯಕ್ಕೆ ಒಳ್ಳೆಯದು ಎಂದು ಅದರ ಮೇಲೆ ಬರೆದಿತ್ತು. ನೀವು ಅಂಚು ಕತ್ತರಿಸಿ ತಿಂದಿರಿ. ತಿನ್ನಿ, ನನಗೇನೂ ಬೇಸರವಿಲ್ಲ. ಅದು ಬಡವರ ರೊಟ್ಟಿ ಎಂದು ನಿಮಗೆ ಹೇಗೆ ಗೊತ್ತಾಗಬೇಕು? ರಾಗಿ ಮುದ್ದೆಗೂ ಈಗ ಹೋಟೆಲಿನಲ್ಲಿ ಬೋರ್ಡು ಹಾಕುತ್ತಾರೆ.

ನಿಮ್ಮಪ್ಪ ಬೆಳಿಗ್ಗೆ ಮಾಲೂರಿನ ಕಾರ್ಖಾನೆಗೆ ಹೋಗುತ್ತಾನೆ. ಗೇಟಿನೊಳಗೆ ಕಾಲಿಟ್ಟ ಕೂಡಲೇ 'ರೀಚ್ಡ್' ಎಂದು ನಿಮ್ಮಮ್ಮನ ಫೋನಿಗೆ ಮೆಸೇಜು ಬರುತ್ತದೆ. ಅವಳು ನೋಡಿದರೆ ನೋಡಿದಳು, ಇಲ್ಲದಿದ್ದರೆ ಇಲ್ಲ. ನೀವು ಟ್ಯೂಷನ್ನಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಅವಳು ಫೋನ್ ಮಾಡುತ್ತಾಳೆ, ನೀವು ಮುಖ ಗಂಟಿಕ್ಕಿಕೊಂಡು 'ಬರ್ತಿದ್ದೀನಮ್ಮಾ' ಎನ್ನುತ್ತೀರಿ. ನಾನು ಇಲ್ಲಿ ಕೂತು ಅವ್ವನನ್ನು ನೆನೆಯುತ್ತೇನೆ. ಮಗ ಇದ್ದಾನೋ ಇಲ್ಲವೋ ಎಂಬ ಒಂದು ಮಾತು ಕೇಳಲು ಅವಳು ಅಷ್ಟು ವರ್ಷ ಕಾದಳು, ಅಷ್ಟು ದೂರ ಧೂಳಿನಲ್ಲಿ ಬಂದಳು. ಕೇಳಿದ ಮೇಲೆ, ತಾನು ಅಳುವ ಮೊದಲೇ, ಇನ್ನೊಬ್ಬ ತಾಯಿಯ ಮಗ ಮನೆಗೆ ಬಂದನಾ ಎಂದು ಕೇಳಿದ್ದಳಲ್ಲ, ಆ ಮಾತಿಗೆ ಉತ್ತರ ಯಾರಿಂದಲೂ ಸಿಗಲೇ ಇಲ್ಲ.